ಉಪ್ಪಿಗೆ ಒಗ್ಗಿದ ಚಿಗಟಗಳು

ಒಂದು ಹೆದ್ದಾರಿಯನ್ನು ಮುಚ್ಚಿಸುವ ಅಧಿಕಾರವನ್ನು ಸಾಸಿವೆ ಕಾಳಿನಷ್ಟು ಹುಳಕ್ಕೆ ಕೊಟ್ಟರೆ ಏನಾದೀತು? ಚುಮಿಕ್ ಊರಿನವರು ಕೊಟ್ಟು ನೋಡಿದರು. ಕೊಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈಗ ಆ ಅಧಿಕಾರದ ಮುಂದೆ ತಲೆ ಚಚ್ಚಿಕೊಳ್ಳಲು ಉಳಿದವಳು ಡಾಕ್ಟರ್ ನೀಲಾಂಬಿಕಾ ಒಬ್ಬಳೇ.

ಚುಮಿಕ್ ಹಿಮಾಲಯದ ಆಚೆ ಮಗ್ಗುಲಿನ ಊರು. ವರ್ಷದಲ್ಲಿ ಅರ್ಧ ಹಿಮ, ಮಿಕ್ಕರ್ಧ ಹಿಮ ಬರುತ್ತದೆಂಬ ಭಯ. ಊರ ಪಕ್ಕದಲ್ಲೊಂದು ಸಿಹಿನೀರಿನ ಸರೋವರ. ಕುಡಿಯಲು, ಅಡಿಗೆಗೆ, ಬಾರ್ಲಿ ಹೊಲಕ್ಕೆ ಇರುವುದು ಅದೊಂದೇ ನೀರು. ಮೊದಲೆಲ್ಲ ಚಳಿಗಾಲ ಬಂತೆಂದರೆ ಕಣಿವೆಯ ದಾರಿ ಮುಚ್ಚಿ ಊರು ಜಗತ್ತಿನಿಂದ ಕಡಿದುಹೋಗುತ್ತಿತ್ತು. ಆಮೇಲೆ ಸರ್ವಋತು ರಸ್ತೆ ಬಂತು. ಅದು ಸರ್ವಋತು ಆದದ್ದು ಉಪ್ಪಿನ ದಯೆಯಿಂದ. ಹಿಮದ ಮೇಲೆ ಉಪ್ಪು ಬಿದ್ದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಅದು ಕರಗುತ್ತದೆ. ಮುಂದೆ ಉಪ್ಪಿನ ಟ್ರಕ್ಕು, ಹಿಂದೆ ತರಕಾರಿ ಲಾರಿ, ಅದರ ಹಿಂದೆ ಬಸ್ಸು. ಕರಗಿದ ಉಪ್ಪುನೀರು ಎಲ್ಲಿಗೆ ಹೋಗಬೇಕು? ಇಳಿಜಾರು ಇರುವುದು ಸರೋವರದ ಕಡೆಗೇ.

ರಸ್ತೆ ಬಂದ ಹೊಸತರಲ್ಲಿ ಇದರ ಬಗ್ಗೆ ದೊಡ್ಡ ರಂಪವೇ ಆಗಿತ್ತು. ರಸ್ತೆಯವರು ಒಂದು ಮಾಪಕ ತಂದರು, ನೀರಿನವರು ಇನ್ನೊಂದು ತಂದರು, ಎರಡೂ ಬೇರೆ ಬೇರೆ ಅಂಕಿ ತೋರಿಸಿದವು. ಎಷ್ಟು ದಾಟಿದರೆ ಅಪಾಯ ಎಂಬುದರಲ್ಲಿ ಒಬ್ಬೊಬ್ಬ ಪರಿಣತನದು ಒಂದೊಂದು ರಾಗ. ಆಗ ಗದಗದ ಕಡೆಯಿಂದ ಹೊಸದಾಗಿ ಬಂದಿದ್ದ ಜಲಜೀವಿ ತಜ್ಞೆ ನೀಲಾಂಬಿಕಾ ಸಭೆಯಲ್ಲಿ ಎದ್ದು ನಿಂತು, ಮಾಪಕದ ಜಗಳ ಬೇಡ, ನೀರಿನಲ್ಲಿ ಇರುವವರನ್ನೇ ಕೇಳೋಣ ಎಂದಳು.

ನೀರಿನಲ್ಲಿ ಇರುವವರು ಎಂದರೆ ನೀರುಚಿಗಟಗಳು. ಹೆಸರು ಚಿಗಟ, ಕಚ್ಚುವುದಿಲ್ಲ. ಗಾಜಿನಂಥ ಮೈ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಹೃದಯ ಬಡಿಯುವುದೂ ಕಾಣುತ್ತದೆ. ಸರೋವರದ ಪಾಚಿಯನ್ನು ಮೇದು ನೀರನ್ನು ತಿಳಿಯಾಗಿ ಇಡುವುದು ಇವೇ, ಮೀನುಮರಿಗಳ ಹೊಟ್ಟೆ ತುಂಬಿಸುವುದೂ ಇವೇ. ನೀರಿನಲ್ಲಿ ಉಪ್ಪು ಹೆಚ್ಚಾದರೆ ಮೈಯೊಳಗೆ ನುಗ್ಗಿದ್ದನ್ನು ಹೊರಹಾಕುವುದರಲ್ಲೇ ಇವುಗಳ ಶಕ್ತಿ ಸೋರಿಹೋಗುತ್ತದೆ. ಈಜು ನಿಧಾನವಾಗುತ್ತದೆ, ತಳ ಹಿಡಿಯುತ್ತವೆ. ನೀಲಾಂಬಿಕಾ ಪಂಪುಮನೆಯಲ್ಲಿ ಗಾಜಿನ ಕೊಳವೆಗಳ ಒಂದು ಯಂತ್ರ ಕೂರಿಸಿದಳು. ಸರೋವರದ ನೀರು ಅದರೊಳಗೆ ಹರಿಯುತ್ತಿರುತ್ತದೆ, ಚಿಗಟಗಳು ಈಜುತ್ತಿರುತ್ತವೆ, ಕ್ಯಾಮೆರಾ ನೋಡುತ್ತಿರುತ್ತದೆ. ಅರ್ಧಕ್ಕಿಂತ ಹೆಚ್ಚು ಚಿಗಟಗಳು ಮಂಕಾದರೆ ಹಸಿರು ದೀಪ ಕೆಂಪಾಗುತ್ತದೆ, ಡಿಪೋದಲ್ಲಿ ನಿಂತ ಉಪ್ಪಿನ ಟ್ರಕ್ಕುಗಳ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮತ್ತೆ ಹಸಿರಾಗುವ ತನಕ ಒಂದು ಹರಳೂ ಬೀಳುವುದಿಲ್ಲ. ಊರ ಸಮಿತಿ ಹಾಗೆಂದು ಠರಾವು ಮಾಡಿತು. ಯಂತ್ರಕ್ಕೆ ಪಹರೆ ಎಂದು ಹೆಸರಾಯಿತು.

ಮೊದಮೊದಲು ದೀಪ ಕೆಲವು ಸಲ ಕೆಂಪಾಯಿತು. ಜನ ಗೊಣಗಿದರೂ ತಡೆದುಕೊಂಡರು. ಆಮೇಲೆ ಅದು ಕೆಂಪಾಗುವುದನ್ನೇ ಬಿಟ್ಟಿತು. ವರ್ಷಗಟ್ಟಲೆ ಹಸಿರು. ಹೊರಗಿನಿಂದ ಬಂದ ಅಧಿಕಾರಿಗಳನ್ನು ಊರವರು ಕರೆದೊಯ್ದು ಆ ಹಸಿರು ದೀಪವನ್ನು ತೋರಿಸತೊಡಗಿದರು. ಇತ್ತ ನೀಲಾಂಬಿಕಾಳ ಸ್ವಂತ ಮಾಪಕದಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು.

ಈ ಸಲ ಹಿಮ ಬೀಳುವ ಮುಂಚೆ ಅವಳು ಆ ಅಂಕಿಗಳನ್ನೆಲ್ಲ ಹಿಡಿದು ಸಮಿತಿಯ ಅಧ್ಯಕ್ಷ ಪುಂಚೋಕ್‌ನ ಬಳಿಗೆ ಹೋದಳು. ಪುಂಚೋಕ್ ಒರಟನಲ್ಲ. ಬೆಣ್ಣೆ ಚಹಾ ತರಿಸಿಕೊಟ್ಟು ಸಾವಧಾನವಾಗಿ ಕೇಳಿಸಿಕೊಂಡ.

"ಉಪ್ಪುನೀರು ತೂಕದ್ದು, ತಳಕ್ಕೆ ಇಳಿದು ಕೂರುತ್ತೆ," ಎಂದಳು ನೀಲಾಂಬಿಕಾ. "ವಸಂತದಲ್ಲಿ ಮಂಜು ಕರಗಿದಾಗ ಮೇಲಿನ ನೀರು ಕೆಳಗೆ, ಕೆಳಗಿನದು ಮೇಲೆ ಬಂದು ಬೆರೆಯಬೇಕು. ಹಾಗೆ ಬೆರೆತರೇ ತಳಕ್ಕೆ ಗಾಳಿ ಸಿಗೋದು. ಹೋದ ವರ್ಷ ಅರ್ಧಂಬರ್ಧ ಬೆರೆಯಿತು. ಈ ಚಳಿಗಾಲವೂ ಇಷ್ಟೇ ಉಪ್ಪು ಬಿದ್ದರೆ ಇನ್ನು ಬೆರೆಯೋದೇ ಇಲ್ಲ. ತಳ ಕೊಳೆಯುತ್ತೆ. ಆಮೇಲೆ ನಾವು ಏನು ಮಾಡಿದರೂ ಸರೋವರ ವಾಪಸ್ ಬರಲ್ಲ."

"ದೀಪ ಯಾವ ಬಣ್ಣ ಇದೆ, ಮೇಡಂ-ಲೇ?" ಎಂದ ಪುಂಚೋಕ್, ಆ ಕಡೆಯ ಮರ್ಯಾದೆಯ 'ಲೇ' ಸೇರಿಸಿ.

"ಹಸಿರು. ಆದರೆ..."

"ಚಿಗಟಗಳು ಬದುಕಿವೆ ತಾನೆ?"

"ಬದುಕಿವೆ."

"ಹಾಗಾದರೆ ಚಿಂತೆ ಯಾಕೆ? ಮಾಪಕ ನಂಬಬೇಡಿ, ಚಿಗಟ ನಂಬಿ ಅಂತ ಹೇಳಿಕೊಟ್ಟವರೇ ನೀವು."

ಅವಳಿಗೆ ಚಹಾದ ಬಟ್ಟಲನ್ನು ನೆಲಕ್ಕೆ ಕುಕ್ಕಬೇಕೆನಿಸಿತು. ಕುಕ್ಕಲಿಲ್ಲ. ಕುಡಿದು ಮುಗಿಸಿ, ವಂದಿಸಿ, ಎದ್ದು ಬಂದಳು.

ಮನೆಗೆ ಬಂದರೆ ಅಲ್ಲಿಯೂ ಅದೇ ಗೋಳು. ಅವಳ ಗಂಡ ಚೆನ್ನವೀರ ಆ ರಸ್ತೆಯ ನಿರ್ವಹಣೆಯ ಇಂಜಿನಿಯರು. ಉಪ್ಪಿನ ಟ್ರಕ್ಕುಗಳು ಹೊರಡುವುದು ಅವನ ಮಾತಿನ ಮೇಲೆ. ಉಪ್ಪು ಎರಚುವವನೂ ಅಳೆಯುವವಳೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆಂದು ಊರವರು ನಗುತ್ತಿದ್ದರು. ನಿಜವೆಂದರೆ ಉಪ್ಪಿನ ವಿಷಯದಲ್ಲಿ ಗಂಡಹೆಂಡಿರು ಜಗಳವಾಡಿದ್ದೇ ಇಲ್ಲ. ಪಹರೆ ಇತ್ತಲ್ಲ! ದೀಪ ಕೆಂಪಾದರೆ ಅವನು ನಿಲ್ಲಿಸುತ್ತಿದ್ದ, ಹಸಿರಾದರೆ ಹೊರಡಿಸುತ್ತಿದ್ದ. ಅವಳು ಅಂಕಿಗಳ ಮಾತು ತೆಗೆದರೆ, "ನನಗ್ಯಾಕ ಹೇಳ್ತಿ ನೀಲಾ, ನಿನ್ನ ಚಿಗಟಕ್ಕ ಹೇಳು. ಅವು ಬ್ಯಾಡ ಅಂದ್ರ ಈ ಗಳಿಗಿಗೆ ನಿಲ್ಲಸತೇನಿ," ಎನ್ನುತ್ತಿದ್ದ. ಅದರಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಅದೇ ವಾರ ಚೆನ್ನವೀರನ ತಾಯಿ ಗುರುಸಿದ್ಧವ್ವ ಬಂದಿಳಿದಳು. ರಸ್ತೆ ತೆರೆದೇ ಇರುವುದರಿಂದ ಚಳಿಗಾಲದಲ್ಲೂ ಬಂದು ಹೋಗಬಹುದೆಂದು ಮಗನೇ ಕರೆಸಿಕೊಂಡಿದ್ದ. ಸ್ವಲ್ಪ ದಿನ ಇದ್ದು, ಗದಗದಲ್ಲಿರುವ ಮಗಳ ಹೆರಿಗೆಯ ಹೊತ್ತಿಗೆ ಬಾಣಂತನಕ್ಕೆ ತಿರುಗಿ ಹೋಗುವುದೆಂದು ಮಾತಾಗಿತ್ತು. ಬಂದ ಮರುದಿನ ಬೆಳಗ್ಗೆ ಚಹಾದ ಮೊದಲ ಗುಟುಕಿಗೇ ಅವಳು ಮುಖ ಕಿವುಚಿದಳು.

"ಏನವಾ ಇದು, ಚಾದಾಗ ಉಪ್ಪು ಹಾಕೀಯೇನ?"

"ಇಲ್ರಿ ಅತ್ತಿ, ಸಕ್ರಿ ಹಾಕೇನಿ."

"ಈ ಊರಾಗ ಚಾಕ್ಕ ಉಪ್ಪು ಹಾಕ್ತಾರಂತ ಕೇಳೇನಿ. ನೀನೂ ಅದನ್ನ ಕಲತಿ ಅನಸತೈತಿ."

ನೀಲಾಂಬಿಕಾ ಹೊಸ ಪಾತ್ರೆ ತೆಗೆದುಕೊಂಡು, ಅವಳ ಕಣ್ಣೆದುರೇ ಇನ್ನೊಮ್ಮೆ ಚಹಾ ಮಾಡಿದಳು. ಅದೂ ಉಪ್ಪು. ಬರೇ ನೀರು ಕೊಟ್ಟಳು. ಗುರುಸಿದ್ಧವ್ವ ಅದನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ಬಚ್ಚಲಿಗೆ ಉಗುಳಿದಳು. "ಸವಳ ಬಾವಿ ನೀರು ಇದ್ದಂಗ ಐತಿ. ಇದನ್ನ ಹೆಂಗ ಕುಡಿತೀರೋ ಮಾರಾಯಾ."

ಬೆಳಗ್ಗೆ ಬೆಳಗ್ಗೆ ಇದೊಂದು ಕಿರಿಕಿರಿ ಬೇಕಿತ್ತೆ ಎಂದು ನೀಲಾಂಬಿಕಾ ಹಲ್ಲು ಕಚ್ಚಿದಳು. ತಾನೂ ಒಂದು ಲೋಟ ಕುಡಿದು ನೋಡಿದಳು. ನೀರು ನೀರಿನ ಹಾಗೇ ಇತ್ತು.

ಚೆನ್ನವೀರ ಬೂಟು ಹಾಕಿಕೊಳ್ಳುತ್ತ ನಕ್ಕ. "ನೀ ಹೊಸದಾಗಿ ಬಂದೀಯಲ್ಲವಾ, ಅದಕ್ಕ ಹಂಗನಸತೈತಿ. ನಾಕು ದಿನ ಕುಡಿ. ನಾಲಿಗಿ ಒಗ್ಗತೈತಿ."

ನೀಲಾಂಬಿಕಾ ಲೋಟ ಹಿಡಿದು ಹಾಗೇ ನಿಂತಳು. ಬೆಣ್ಣೆ ಚಹಾಕ್ಕೆ ಈಗೀಗ ಹೆಚ್ಚು ಉಪ್ಪೇ ಬೇಕಾಗುವುದಿಲ್ಲವೆಂದು ಪಕ್ಕದ ಮನೆಯಾಕೆ ಮೊನ್ನೆ ಅಂದದ್ದು ನೆನಪಾಯಿತು. ಮಾಪಕದ ಅಂಕಿ ಏರುತ್ತಿರುವುದನ್ನು ಕಣ್ಣಿನಿಂದ ನೋಡುತ್ತಿದ್ದವಳಿಗೆ ಅದೇ ನೀರಿನ ರುಚಿ ತಿಳಿದಿರಲಿಲ್ಲ. ತನ್ನ ನಾಲಿಗೆ ಒಗ್ಗಿದ್ದರೆ, ಈ ನೀರಿನಲ್ಲೇ ಹುಟ್ಟಿ, ಈ ನೀರಿನಲ್ಲೇ ಮರಿ ಹಾಕುವ ಚಿಗಟ ಒಗ್ಗಿರುವುದಿಲ್ಲವೆ? ಕೋಟು ಸಿಕ್ಕಿಸಿಕೊಂಡು ತಿಂಡಿಯನ್ನೂ ತಿನ್ನದೆ ಪಂಪುಮನೆಗೆ ಓಡಿದಳು.

ಪಹರೆಯ ಕ್ಯಾಮೆರಾ ಮೊದಲ ದಿನದಿಂದಲೂ ಎಲ್ಲವನ್ನೂ ಚಿತ್ರಿಸುತ್ತಿತ್ತು. ಆದರೆ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ಈಜಿನ ವೇಗವನ್ನು ಮಾತ್ರ. ಚಿಗಟ ಕೊಳವೆಯಲ್ಲಿ ಯಾವಾಗ ಮೇಲಿದೆ, ಯಾವಾಗ ಕೆಳಗಿದೆ ಎಂದು ಯಾರೂ ನೋಡಿರಲಿಲ್ಲ. ಅವಳು ಈಗ ಅದನ್ನು ನೋಡಿ, ಒಂದೊಂದು ವರ್ಷಕ್ಕೂ ಒಂದೊಂದು ನಕ್ಷೆ ಬರೆದಳು.

ನೀರುಚಿಗಟಕ್ಕೂ ಒಂದು ದಿನಚರಿ ಇದೆ. ಹಗಲಲ್ಲಿ ಮೀನಿನ ಕಣ್ಣಿಗೆ ಬೀಳದಂತೆ ತಳದ ಕತ್ತಲಿಗೆ ಇಳಿಯುತ್ತದೆ. ಹೊತ್ತು ಮುಳುಗಿದ ಮೇಲೆ ಮೇಲೆ ಬಂದು ಪಾಚಿ ಮೇಯುತ್ತದೆ. ಮೊದಲ ವರ್ಷಗಳ ನಕ್ಷೆಯಲ್ಲಿ ಆ ಏರಿಳಿತ ತೆರೆತೆರೆಯಾಗಿ ಮೂಡಿತ್ತು. ವರ್ಷ ಕಳೆದಂತೆ ತೆರೆ ಸಣ್ಣದಾಗುತ್ತ ಬಂದಿತ್ತು. ಹೋದ ವರ್ಷದ್ದು ಗೆರೆ ಎಳೆದ ಹಾಗೆ ಚಪ್ಪಟೆ. ಚಿಗಟಗಳು ಚುರುಕಾಗಿಯೇ ಈಜುತ್ತಿದ್ದವು, ಆದರೆ ಹಗಲು ಯಾವುದು ರಾತ್ರಿ ಯಾವುದು ಎಂಬುದು ಅವಕ್ಕೆ ಗೊತ್ತಿರಲಿಲ್ಲ. ಉಪ್ಪಿನಲ್ಲಿ ಬದುಕುವುದೇ ದೊಡ್ಡ ಕೆಲಸವಾದ ಮೇಲೆ ಮಿಕ್ಕ ಕೆಲಸವನ್ನೆಲ್ಲ ಬಿಟ್ಟುಕೊಟ್ಟಿದ್ದವು. ಸರೋವರದಲ್ಲಿ ಅವು ಹಾಡಹಗಲೇ ಮೇಲೆ ಅಲೆದು ಮೀನಿನ ಬಾಯಿಗೆ ಬೀಳುತ್ತಿರಬೇಕು, ಇರುಳಲ್ಲಿ ಮೇಯದೆ ಪಾಚಿಯನ್ನು ಬೆಳೆಯಲು ಬಿಡುತ್ತಿರಬೇಕು. ಎರಡು ಬೇಸಿಗೆಯಿಂದ ನೀರಿಗೆ ಬಂದಿದ್ದ ತಿಳಿಹಸಿರು ಬಣ್ಣಕ್ಕೆ ಕಾರಣ ಇದೇ.

ಆಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಪ್ರತಿ ವರ್ಷ ಸರೋವರ ಹೆಪ್ಪುಗಟ್ಟುವ ಮುಂಚೆ ಪಹರೆಗೆ ಹೊಸ ಚಿಗಟಗಳನ್ನು ತುಂಬುವುದು ಅವಳದೇ ಕೆಲಸ. ಹೊರಗಿನ ಪ್ರಯೋಗಾಲಯದ ಚಿಗಟ ಬೇಡ, ಈ ನೀರಿಗೆ ಈ ನೀರಿನದೇ ಕಾವಲು ಇರಲಿ ಎಂದು ಹಟ ಹಿಡಿದವಳೂ ಅವಳೇ. ಬಲೆಯಲ್ಲಿ ಬಂದದ್ದರಲ್ಲಿ ಮಂಕಾದದ್ದನ್ನು ಬಿಟ್ಟು, ಚುರುಕಾದದ್ದನ್ನು ಆರಿಸಿ ಆರಿಸಿ ತುಂಬಿದ್ದಳು. ಉಪ್ಪಿಗೆ ಒಗ್ಗಿದವನ್ನೇ ಹುಡುಕಿ ತಂದು ಉಪ್ಪಿನ ಕಾವಲಿಗೆ ಕೂರಿಸಿದಂತಾಗಿತ್ತು.

"ನಿನ್ನ ತಲಿಗೆ ಏನಾಗಿತ್ತ ನೀಲಾ," ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಸಮಾಧಾನವೇನೂ ಆಗಲಿಲ್ಲ.

ಆದರೆ ದಾರಿಯೊಂದಿತ್ತು. ಚಳಿಯ ನಾಡಿನ ಚಿಗಟಗಳು ಕಷ್ಟಕಾಲ ಬಂದಾಗ ಗಟ್ಟಿ ಸಿಪ್ಪೆಯ ಮೊಟ್ಟೆ ಇಡುತ್ತವೆ. ಅವು ತಳದ ಕೆಸರಿಗೆ ಇಳಿದು ಹತ್ತಾರು ವರ್ಷ ನಿದ್ದೆ ಹೋಗುತ್ತವೆ, ಹಗೇವಿನಲ್ಲಿ ಹೂಳಿಟ್ಟ ಜೋಳದ ಹಾಗೆ. ಬೆಳಕು, ಬೆಚ್ಚಗಿನ ನೀರು ಸಿಕ್ಕರೆ ಕಣ್ಣು ಬಿಡುತ್ತವೆ. ನೀಲಾಂಬಿಕಾ ದೋಣಿಯಲ್ಲಿ ಹೋಗಿ ಉದ್ದನೆಯ ಕೊಳವೆಯನ್ನು ತಳದ ಕೆಸರಿಗೆ ಇಳಿಸಿ ಎತ್ತಿದಳು. ಮೇಲಿನ ಪದರದಲ್ಲಿ ರಸ್ತೆ ಕಡಿದ ಕಾಲದ ಬಿಳಿ ಕಲ್ಲುಪುಡಿ ಇತ್ತು. ಅದರ ಕೆಳಗಿನದು ರಸ್ತೆಗಿಂತ ಹಿಂದಿನ ಕಾಲದ್ದು. ಅಲ್ಲಿನ ಮೊಟ್ಟೆಗಳನ್ನು ಸೋಸಿ ತೆಗೆದು, ಬೆಟ್ಟದ ಮೇಲಿಂದ ತಂದ ಹಿಮವನ್ನು ಕರಗಿಸಿ ಆ ನೀರಿನಲ್ಲಿ ಬಿಟ್ಟು, ದೀಪದ ಕೆಳಗೆ ಇಟ್ಟಳು. ಬಹಳಷ್ಟು ಏಳಲಿಲ್ಲ. ಎದ್ದವು ಸಂಜೆಯಾಗುತ್ತಲೇ ಮೇಲೆ ಬಂದವು, ಬೆಳಗಾಗುತ್ತಲೇ ಕೆಳಗಿಳಿದವು. ಅದನ್ನು ನೋಡಿ ಅವಳಿಗೆ ಅಳು ಬಂತು.

ಅವು ಮರಿ ಹಾಕಿ ಹೆಚ್ಚಿದ ಮೇಲೆ, ವಾಡಿಕೆಯಂತೆ ಪಹರೆಗೆ ಚಿಗಟ ತುಂಬುವ ದಿನ ಅವನ್ನೇ ತುಂಬಿದಳು. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಸರೋವರದ ನೀರು ಕೊಳವೆಗಳಿಗೆ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ದೀಪ ಕೆಂಪಾಯಿತು.

ಟ್ರಕ್ಕುಗಳ ಬಾಯಿ ಮುಚ್ಚಿತು. ಅದೇ ದಿನ ಹಿಮ ಹಿಡಿಯಿತು. ಕಣಿವೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು, ಬಸ್ಸು ಅರ್ಧ ದಾರಿಯಿಂದ ತಿರುಗಿ ಹೋಯಿತು. ಊರಿನ ಅಂಗಡಿಗಳಲ್ಲಿ ಟೊಮೆಟೊ ಕಾಣೆಯಾಯಿತು, ಆಮೇಲೆ ಅಡಿಗೆ ಗ್ಯಾಸು. ಜನ ಪಂಪುಮನೆಯ ಕಿಟಕಿಗೆ ಬಂದು ದೀಪವನ್ನು ನೋಡಿ ಶಾಪ ಹಾಕಿ ಹೋದರು.

ಮನೆಯಲ್ಲಿ ಗುರುಸಿದ್ಧವ್ವ ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಮಗಳಿಗೆ ದಿನ ತುಂಬುತ್ತ ಬಂದಿತ್ತು.

"ನಿನ್ನ ಹುಳದ ಸಲುವಾಗಿ ನನ್ನ ಮಗಳು ಬಾಣಂತನಕ್ಕ ಮಂದಿ ಮನಿ ಬಾಗಿಲು ಕಾಯಬೇಕೇನ?"

"ನೀರು ಉಪ್ಪು ಅಂತ ಹೇಳಿದವರು ನೀವೇ ಅಲ್ರೀ ಅತ್ತಿ."

"ಉಪ್ಪು ಅಂದೆ. ದಾರಿ ಮುಚ್ಚು ಅಂದೆನೇನು?"

ಅತ್ತೆಯ ಮಾತಿನಲ್ಲಿ ತಪ್ಪು ಹುಡುಕಿದರೂ ನೀಲಾಂಬಿಕಾಳಿಗೆ ಸಿಗಲಿಲ್ಲ. ಚೆನ್ನವೀರನಂತೂ ಮೊದಲ ದಿನವೇ ಪಂಪುಮನೆಗೆ ಬಂದು ಕೊಳವೆಗಳನ್ನು ನೋಡಿ, "ಇವು ಯಾವ ಚಿಗಟ?" ಎಂದು ಕೇಳಿ ತಿಳಿದುಕೊಂಡು ಹೋಗಿದ್ದ. "ನನಗೊಂದ ಮಾತು ಹೇಳಲಿಲ್ಲ ನೋಡು," ಎಂದಷ್ಟೇ ಅಂದಿದ್ದ.

ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಬುಲ್ಡೋಜರು ತಂದು ಹಿಮ ತಳ್ಳಿಸಿದ, ಬೆಟ್ಟದ ಗರಸುಕಲ್ಲು ಒಡೆಸಿ ರಸ್ತೆಗೆ ಹಾಸಿದ, ಚಕ್ರಕ್ಕೆ ಸರಪಳಿ ಕಟ್ಟದ ಗಾಡಿ ಬಿಡಬೇಡಿ ಎಂದು ಕಟ್ಟಪ್ಪಣೆ ಮಾಡಿದ. ಎಂಟನೆಯ ದಿನ ಒಂದು ಬಸ್ಸು ಹೊರಟಿತು. ಮೊದಲು ಅರ್ಧ ದಿನದಲ್ಲಿ ದಾಟುತ್ತಿದ್ದ ಕಣಿವೆಯನ್ನು ಬೆಳಗಿಂದ ಸಂಜೆಯ ತನಕ ತೆವಳಿ ದಾಟಿತು. ಗುರುಸಿದ್ಧವ್ವ ಅದರಲ್ಲೇ ಹೋದಳು. ಹೋಗುವಾಗ ಸೊಸೆಯ ಮುಖ ನೋಡಲಿಲ್ಲ. ಅವಳು ಗದಗ ತಲುಪುವ ಹಿಂದಿನ ದಿನವೇ ಮಗಳಿಗೆ ಹೆರಿಗೆಯಾಗಿತ್ತು.

ಉಪ್ಪಿಲ್ಲದೆಯೂ ರಸ್ತೆ ನಡೆಯುತ್ತದೆ, ನಿಧಾನವಾಗಿ ನಡೆಯುತ್ತದೆ ಎಂಬುದು ಇದರಿಂದ ಗೊತ್ತಾಯಿತೆಂದು ನೀಲಾಂಬಿಕಾ ಭಾವಿಸಿದ್ದಳು. ಊರಿಗೆ ಗೊತ್ತಾದದ್ದು ನಿಧಾನ ಎಂಬ ಭಾಗ ಮಾತ್ರ. ಸಮಿತಿ ಸೇರಿತು. ಅವಳು ಎಲ್ಲವನ್ನೂ ಬಿಚ್ಚಿಟ್ಟಳು: ಒಗ್ಗಿದ ಚಿಗಟ, ಚಪ್ಪಟೆಯಾದ ಗೆರೆ, ಕೆಸರಿನ ಮೊಟ್ಟೆ. ಹಸಿರಾಗುತ್ತಿರುವ ನೀರಿನ ಚಿತ್ರಗಳನ್ನು ತೋರಿಸಿದಳು. ಪುಂಚೋಕ್ ಎಂದಿನ ಸಾವಧಾನದಿಂದಲೇ ಕೇಳಿದ.

"ಆ ಹಳೇ ಚಿಗಟಗಳು ಈಗ ನಮ್ಮ ನೀರಿನಲ್ಲಿ ಇವೆಯೇ, ಮೇಡಂ-ಲೇ?"

"ಇಲ್ಲ. ಕೆಸರಲ್ಲಿದ್ದವು."

"ಠರಾವಿನಲ್ಲಿ ಇರೋದು ನಿಮ್ಮದೇ ಮಾತು. ನೀರಿನಲ್ಲಿ ಇರುವವರನ್ನು ಕೇಳಬೇಕು ಅಂತ. ನೀರಿನಲ್ಲಿ ಇರುವವು ದೂರು ಹೇಳುತ್ತಿಲ್ಲ. ಹೊಂದಿಕೊಂಡಿವೆ, ಮಕ್ಕಳುಮರಿ ಮಾಡಿಕೊಂಡಿವೆ. ನೀವು ಅಜ್ಜನ ಕಾಲದವನ್ನು ಎಬ್ಬಿಸಿ ತಂದು, ಈ ಕಾಲ ಸರಿಯಿಲ್ಲ ಅಂತ ಹೇಳಿಸುತ್ತಿದ್ದೀರಿ. ಅವಕ್ಕೆ ಈ ಕಾಲ ಸರಿಯಾಗೋದು ಹೇಗೆ?"

"ಹೊಂದಿಕೊಂಡಿಲ್ಲ, ಪುಂಚೋಕ್-ಲೇ. ಸಾಯದೆ ಇವೆ ಅಷ್ಟೆ. ಅವುಗಳ ಕೆಲಸ ನಿಂತಿದೆ."

"ರಸ್ತೆ ಇಲ್ಲದ ಕಾಲದಲ್ಲಿ ನನ್ನ ತಮ್ಮ ಹೊಟ್ಟೆನೋವಿನಿಂದ ಸತ್ತ," ಎಂದ ಪುಂಚೋಕ್. ದನಿ ಏರಿಸಲಿಲ್ಲ. "ಆಸ್ಪತ್ರೆಗೆ ಒಯ್ಯೋಕೆ ದಾರಿ ಇರಲಿಲ್ಲ. ಚಿಗಟ ಬೇಡ ಅಂದರೆ ನಾನು ಇವತ್ತೂ ಕೇಳುತ್ತೀನಿ. ಆದರೆ ಇಲ್ಲಿ ಬದುಕಿರೋ ಚಿಗಟ ಹೇಳಬೇಕು."

ಅವನು ಆಡಿದ್ದೆಲ್ಲ ಅವಳು ಹಿಂದೆ ಆಡಿದ ಮಾತುಗಳೇ. ಇಷ್ಟು ವರ್ಷ ಊದಿ ಊದಿ ಬೆಳೆಸಿದ ಬೆಂಕಿ ಅವಳದೇ ಸೆರಗಿಗೆ ಹತ್ತಿತ್ತು. ಪಹರೆಯಲ್ಲಿ ಸರೋವರದ ಈಗಿನ ಚಿಗಟಗಳನ್ನೇ ಇಡಬೇಕು, ಕೆಸರಿನ ಚಿಗಟ ಇಡಕೂಡದು ಎಂದು ಸಮಿತಿ ಕೈಯೆತ್ತಿ ತೀರ್ಮಾನಿಸಿತು. ಹಳೆಯವನ್ನು ತೆಗೆದು ಹೊಸದನ್ನು ತುಂಬುವ ಕೆಲಸವನ್ನೂ ಅವಳಿಗೇ ಒಪ್ಪಿಸಿತು. ಅವಳು ತುಂಬಿದಳು. ಕೆಂಪು ದೀಪ ಹಸಿರಾಯಿತು. ಪಂಪುಮನೆಯ ಹೊರಗೆ ಯಾರೋ ಸಿಳ್ಳೆ ಹಾಕಿದರು.

ಮರುದಿನ ಬೆಳಗ್ಗೆ ಅವಳು ಪ್ರಯೋಗಾಲಯಕ್ಕೆಂದು ಹೊರಟವಳು, ದಾರಿಯಲ್ಲಿ ಉಪ್ಪಿನ ಟ್ರಕ್ಕುಗಳ ಸದ್ದು ಕೇಳಿ ಡಿಪೋದ ಕಡೆ ತಿರುಗಿದಳು. ಹೋಗಿ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಸಮಿತಿಯ ಮೇಲೆ ಸಿಟ್ಟು, ಆ ಮೂಕ ಹುಳಗಳ ಮೇಲೆ ಸಿಟ್ಟು, ತನ್ನ ಮೇಲೆ ಇನ್ನೂ ಹೆಚ್ಚು. ಟ್ರಕ್ಕುಗಳು ಸಾಲಾಗಿ ಗೇಟಿನತ್ತ ಬರುತ್ತಿದ್ದವು. ಚಳಿಗಾಲದ ಮೊದಲ ಸುತ್ತಿಗೆ ಇಂಜಿನಿಯರ್ ಜೊತೆಗೆ ಹೋಗುವುದು ಪದ್ಧತಿ. ಮುಂದಿನ ಟ್ರಕ್ಕಿನಲ್ಲಿ ಚಾಲಕನ ಪಕ್ಕ ಚೆನ್ನವೀರ ಕುಳಿತಿದ್ದ. ಅವಳು ಗೇಟಿನ ನಟ್ಟನಡುವೆ ಹೋಗಿ ನಿಂತಳು.

ಟ್ರಕ್ಕು ನಿಂತಿತು. ಚೆನ್ನವೀರ ಇಳಿದು ಬಂದ.

"ಯಾಕ ನೀಲಾ? ದೀಪ ಹಸಿರು ಐತೆಲ್ಲ?"

"ಐತ್ರಿ."

"ಮತ್ತ? ಚಿಗಟ ಬ್ಯಾಡ ಅಂದಿಲ್ಲಲ್ಲ."

"ಚಿಗಟ ಅಂದಿಲ್ರಿ. ನಾ ಅನ್ನಾಕತ್ತೇನಿ. ಬ್ಯಾಡ್ರಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಬೇಡ ಎಂಬ ಈ ಒಂದು ಮಾತನ್ನು ಅವಳು ಗಂಡನಿಗಾಗಲಿ, ಪುಂಚೋಕ್‌ಗಾಗಲಿ, ಊರಿಗಾಗಲಿ ತನ್ನ ಬಾಯಿಂದ ಹೇಳಿರಲಿಲ್ಲ. ಯಾರ ಎದುರೂ ಕೆಟ್ಟವಳಾಗುವುದು ಬೇಡವೆಂದು ಆ ಮಾತನ್ನು ಬಾಯಿಲ್ಲದ ಹುಳಕ್ಕೆ ವಹಿಸಿಕೊಟ್ಟು, ಅದಕ್ಕೆ ವಿಜ್ಞಾನವೆಂದು ಹೆಸರಿಟ್ಟು ನೆಮ್ಮದಿಯಾಗಿದ್ದಳು.

ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸಿದ. ಅದರ ಹಿಂದಿನವನೂ ಬಾರಿಸಿದ.

"ನನ್ನ ನೌಕರಿಗೆ ಕುತ್ತು ಬರತೈತಿ," ಎಂದ ಚೆನ್ನವೀರ.

"ಗೊತ್ತೈತ್ರಿ."

"ಮಂದಿ ನಿನ್ನ ಬಾಯಿಗೆ ಬಂದಂಗ ಬೈತಾರ. ನಾ ಬಂದು ಬಿಡಸೂದಿಲ್ಲ."

"ಬಿಡಸಬ್ಯಾಡ್ರಿ."

ಅವನು ಕೈಗವಸು ತೆಗೆದು ಮುಖ ಉಜ್ಜಿಕೊಂಡ. ಆಮೇಲೆ ಹಿಂದೆ ತಿರುಗಿ, ಇವತ್ತು ಉಪ್ಪು ಬೇಡ, ಗರಸು ತುಂಬಿ ಎಂದು ಚಾಲಕರಿಗೆ ಕೂಗಿ ಹೇಳಿದ. ಯಾರೋ ಬೈದರು. ಟ್ರಕ್ಕುಗಳು ಒಂದೊಂದಾಗಿ ಹಿಂದೆ ಸರಿದವು.

"ಇವತ್ತೊಂದು ದಿವಸ," ಎಂದ ಅವಳಿಗೆ. "ನಾಳೆ ಮತ್ತ ದೀಪ ಹಸಿರೇ ಇರತೈತಿ. ನಾಳೆನೂ ನೀ ಬಂದು ಇಲ್ಲೇ ನಿಂದರಬೇಕಾಗತೈತಿ."

"ನಿಂದರತೇನ್ರಿ," ಎಂದಳು ನೀಲಾಂಬಿಕಾ.